ಸಣ್ಣ ಹೂಡಿಕೆದಾರನಿಗೆ ಬೇಲಿ: ಬೇಕೆನ್ನುವವರು, ಬೇಡವೆನ್ನುವವರು

ಕಾಫಿ ಧಾರಣೆಯ ಪಟ್ಟಿಗೂ ಮೆಣಸಿನ ಧಾರಣೆಯ ಪಟ್ಟಿಗೂ ನಡುವೆ ಈ ಸಂಚಿಕೆಯಲ್ಲಿ ಷೇರುಪೇಟೆಯ ವಿಷಯವೊಂದು ಬಂದಿರುವುದಕ್ಕೆ ಸದಸ್ಯ ಬಂಧುಗಳು ಆಶ್ಚರ್ಯಪಡಬೇಕಾಗಿಲ್ಲ. 2024ರಲ್ಲಿ ರೋಬಸ್ಟಾ ಚೆರಿ 50 ಕಿಲೋ ಚೀಲಕ್ಕೆ 10,000 ರೂಪಾಯಿ ದಾಟಿದ ಮೇಲೆ ಅನೇಕ ಮನೆಗಳಲ್ಲಿ ಹಳೆಯ ಸಾಲ ತೀರಿ ನಾಲ್ಕು ಕಾಸು ಕೈಯಲ್ಲಿ ಉಳಿಯಿತು. ಹಾಗೆ ಉಳಿದ ಹಣ ಎಲ್ಲಿಗೆ ಹೋಗುತ್ತದೆಂದು ನೋಡಿದರೆ ಬ್ಯಾಂಕಿನ ಠೇವಣಿ, ಹೊಸ ಪಲ್ಪರ್, ಮಗಳ ಮದುವೆ, ಪೇಟೆಯಲ್ಲೊಂದು ನಿವೇಶನ ಎಂಬ ಹಳೆಯ ಬಾಬ್ತುಗಳ ಜೊತೆಗೆ ಇನ್ನೊಂದು ಬಾಬ್ತು ಸೇರಿಕೊಂಡಿದೆ. ಅದು ಮನೆಯ ಹುಡುಗರು ಮೊಬೈಲ್ ಫೋನಿನಲ್ಲಿ ನಡೆಸುವ ‘ಆಪ್ಷನ್’ ವ್ಯಾಪಾರ. ಕಣದಲ್ಲಿ ಕಾಫಿ ಒಣಗುತ್ತಿರುವಾಗ ಜಗಲಿಯಲ್ಲಿ ಕುಳಿತು ಬೆಳಗಿನ ಒಂಬತ್ತೂಕಾಲರಿಂದ ಮಧ್ಯಾಹ್ನದ ಮೂರೂವರೆಯವರೆಗೆ ಫೋನಿನಿಂದ ಕಣ್ಣು ತೆಗೆಯದ ತರುಣರನ್ನು ಕಾಣದ ಊರು ಈಗ ಅಪರೂಪ.

ಈ ವ್ಯಾಪಾರಕ್ಕೆ ಸಣ್ಣ ಬಂಡವಾಳದವರು ಸುಲಭವಾಗಿ ಬರಬಾರದೆಂದು ಸರ್ಕಾರದ ನಿಯಂತ್ರಣ ಮಂಡಳಿಗಳು ಬೇಲಿ ಹಾಕತೊಡಗಿವೆ. ನಮ್ಮ ದೇಶದಲ್ಲಿ ಮಾತ್ರವಲ್ಲ, ಯುರೋಪಿನಲ್ಲಿ, ಅಮೆರಿಕದಲ್ಲಿ ಕೂಡ. ವಿಚಿತ್ರವೆಂದರೆ, ಯಾರನ್ನು ಕಾಪಾಡುವುದಕ್ಕಾಗಿ ಬೇಲಿಯೆಂದು ಹೇಳಲಾಗುತ್ತದೆಯೋ ಅವರೇ ಎಲ್ಲ ಕಡೆಯೂ ಬೇಲಿ ಬೇಡವೆಂದು ಎದ್ದು ನಿಂತಿದ್ದಾರೆ. ಇವರೆಲ್ಲರೂ ಅರಿವಿಲ್ಲದವರೆಂದು ತಳ್ಳಿಹಾಕುವುದು ಸುಲಭ; ಆದರೆ ಅವರ ವಾದದಲ್ಲಿ ತಿರುಳಿದೆ. ಆ ತಿರುಳು ಎಷ್ಟು, ಸಿಪ್ಪೆ ಎಷ್ಟು ಎಂದು ಬೇರ್ಪಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ಮೊದಲು ಆಪ್ಷನ್ ಎಂದರೇನೆಂದು ತಿಳಿದುಕೊಳ್ಳೋಣ. ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಫಸಲು ಗುತ್ತಿಗೆ, ಕೆಲವು ಕಡೆ ಚೇಣಿ ಎನ್ನುವ ಪದ್ಧತಿ ನಮಗೆ ತಲೆಮಾರುಗಳಿಂದ ಗೊತ್ತು. ವ್ಯಾಪಾರಿಯೊಬ್ಬ ಬಂದು, ‘ನಿಮ್ಮ ಅಡಿಕೆಯನ್ನು ಯುಗಾದಿಯೊಳಗೆ ಇಂಥ ದರಕ್ಕೆ ಕೊಳ್ಳುವ ಹಕ್ಕು ನನಗಿರಲಿ’ ಎಂದು 10,000 ರೂಪಾಯಿ ಸಂಚಕಾರ ಕೊಟ್ಟನೆನ್ನಿ. ಧಾರಣೆ ಏರಿದರೆ ಆತ ಬಂದು ಒಪ್ಪಿದ ದರಕ್ಕೆ ಮಾಲು ಎತ್ತುತ್ತಾನೆ, ಲಾಭ ಅವನದು. ಧಾರಣೆ ಬಿದ್ದರೆ ಸಂಚಕಾರವನ್ನು ನಿಮಗೇ ಬಿಟ್ಟು ಸುಮ್ಮನಾಗುತ್ತಾನೆ. ಇದೇ ಆಪ್ಷನ್. ಸಂಚಕಾರಕ್ಕೆ ಪೇಟೆಯವರು ‘ಪ್ರೀಮಿಯಂ’ ಎನ್ನುತ್ತಾರೆ. ಷೇರುಪೇಟೆಯಲ್ಲಿ ಅಡಿಕೆಯ ಬದಲು ನಿಫ್ಟಿ, ಸೆನ್ಸೆಕ್ಸ್ ಎಂಬ ಸೂಚ್ಯಂಕಗಳಿರುತ್ತವೆ. ಯುಗಾದಿಯ ಬದಲು ಮುಂದಿನ ವಾಯಿದೆಯ ದಿನವಿರುತ್ತದೆ. ಮಾಲು ಎತ್ತುವ ಮಾತೇ ಇಲ್ಲ, ಅಂಕಿಯ ವ್ಯತ್ಯಾಸ ಮಾತ್ರ ಹಣವಾಗಿ ಕೈ ಬದಲಾಯಿಸುತ್ತದೆ. ಕೊಂಡವನು ಸಂಚಕಾರದಷ್ಟು ಮಾತ್ರ ಕಳೆದುಕೊಳ್ಳಬಹುದು, ಆದರೆ ಪದೇ ಪದೇ ಕಳೆದುಕೊಳ್ಳಬಹುದು. ಮಾರಿದವನಿಗೆ ದಿನವೂ ಚಿಲ್ಲರೆ ಲಾಭ ಸಿಕ್ಕುತ್ತ ಹೋಗಿ, ಒಂದು ದಿನ ಇಡೀ ಗಂಟು ಹೋಗಬಹುದು.

ನಮ್ಮ ದೇಶದಲ್ಲಿ ಇಂಥ ವ್ಯಾಪಾರಕ್ಕೆ ಸರ್ಕಾರ ಬಹುಕಾಲ ಬಾಗಿಲು ಮುಚ್ಚಿಯೇ ಇತ್ತು. 1952ರ ವಾಯಿದೆ ಕರಾರುಗಳ ಕಾನೂನು ಸರಕುಗಳಲ್ಲಿ ‘ತೇಜಿ-ಮಂದಿ’ ವ್ಯವಹಾರವನ್ನು ನಿಷೇಧಿಸಿತು. ಷೇರುಗಳಲ್ಲಿ ಆಪ್ಷನ್ ಮೇಲಿನ ನಿಷೇಧ 1995ರವರೆಗೆ ಉಳಿದಿತ್ತು. ಸೂಚ್ಯಂಕದ ವಾಯಿದೆ ವ್ಯಾಪಾರ 2000ದ ಜೂನ್‌ನಲ್ಲಿ, ಸೂಚ್ಯಂಕದ ಆಪ್ಷನ್ 2001ರ ಜೂನ್‌ನಲ್ಲಿ ಆರಂಭವಾದುವು. ಸರಕುಗಳ ಆಪ್ಷನ್‌ಗೆ 2017ರವರೆಗೆ ಕಾಯಬೇಕಾಯಿತು. ಬಾಗಿಲು ತೆರೆದಾಗಲೂ ಹೊಸ್ತಿಲನ್ನು ಎತ್ತರಕ್ಕೆ ಇಟ್ಟರು: ಒಂದು ಕರಾರಿನ ಬೆಲೆ ಕನಿಷ್ಠ 2 ಲಕ್ಷ ರೂಪಾಯಿ ಇರಬೇಕೆಂದು. 2015ರಲ್ಲಿ ಅದು 5 ಲಕ್ಷವಾಯಿತು. ಆದರೆ ಆಪ್ಷನ್ ಕೊಳ್ಳುವವನು ಕರಾರಿನ ಪೂರ್ಣ ಬೆಲೆ ಕೊಡಬೇಕಿಲ್ಲವಲ್ಲ, ಸಂಚಕಾರ ಕೊಟ್ಟರೆ ಸಾಕು. ಹೀಗಾಗಿ ಹೊಸ್ತಿಲು ಎತ್ತರವಿದ್ದರೂ ಕೆಳಗಿನ ಸಂದಿಯಲ್ಲಿ ನುಸುಳಿ ಬರುವುದಕ್ಕೆ ಅಡ್ಡಿಯಿರಲಿಲ್ಲ. ಮೊಬೈಲ್ ಫೋನು ಬಂತು, ಕೊರೋನಾ ಕಾಲದ ಬಿಡುವು ಬಂತು, ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಅಗ್ಗದ ದಲ್ಲಾಳಿ ಸಂಸ್ಥೆಗಳು ಬಂದುವು. ನೂರಾರು ರೂಪಾಯಿಗೆ ಸಿಕ್ಕುವ ಸಂಚಕಾರದ ಚೀಟಿಗಳು ಹಳ್ಳಿಹಳ್ಳಿಗೆ ತಲುಪಿದುವು.

ವಾರಕ್ಕೊಮ್ಮೆ ನಡೆಯುವ ಸಂತೆ ದಿನವೂ ನಡೆದರೆ ಹೇಗಿರುತ್ತದೆ? 2024ರ ಹೊತ್ತಿಗೆ ಷೇರುಪೇಟೆಯಲ್ಲಿ ಆದದ್ದು ಅದೇ. ಸೋಮವಾರದಿಂದ ಶುಕ್ರವಾರದವರೆಗೆ ಪ್ರತಿದಿನವೂ ಯಾವುದಾದರೊಂದು ಸೂಚ್ಯಂಕದ ವಾಯಿದೆ ಮುಗಿಯುತ್ತಿತ್ತು. ವಾಯಿದೆ ಮುಗಿಯುವ ದಿನ ಸಂಚಕಾರ ಬಹಳ ಅಗ್ಗ, ಏರಿಳಿತ ಬಹಳ ಜೋರು. ಬೆಳಿಗ್ಗೆ 5 ರೂಪಾಯಿಗೆ ಸಿಕ್ಕಿದ್ದು ಮಧ್ಯಾಹ್ನಕ್ಕೆ 50 ಆಗಬಹುದು, ಬಹುಮಟ್ಟಿಗೆ ಸೊನ್ನೆಯಾಗುತ್ತದೆ. ಓಸಿ ಮಟ್ಕಾ ನೋಡಿ ಬೆಳೆದ ಹಿರಿಯರಿಗೆ ಇದರ ರುಚಿ ಯಾವ ಬಗೆಯದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಭಾರತೀಯ ಷೇರು ನಿಯಂತ್ರಣ ಮಂಡಳಿ, ಅಂದರೆ ಸೆಬಿ, 2024ರ ಸೆಪ್ಟೆಂಬರ್ 23ರಂದು ಒಂದು ಅಧ್ಯಯನದ ವರದಿ ಹೊರತಂದಿತು. ಅದರ ಅಂಕಿಗಳನ್ನು ಸಾವಧಾನವಾಗಿ ಓದಬೇಕು. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ವಾಯಿದೆ ಮತ್ತು ಆಪ್ಷನ್ ವ್ಯಾಪಾರ ಮಾಡಿದ 1 ಕೋಟಿಗೂ ಹೆಚ್ಚು ವ್ಯಕ್ತಿಗಳ ಪೈಕಿ ಶೇಕಡಾ 93 ಮಂದಿ ನಷ್ಟ ಅನುಭವಿಸಿದರು. ತಲಾ ನಷ್ಟ ಸರಾಸರಿ ಸುಮಾರು 2 ಲಕ್ಷ ರೂಪಾಯಿ. ಒಟ್ಟು ನಷ್ಟ 1 ಲಕ್ಷ 80 ಸಾವಿರ ಕೋಟಿಗೂ ಮಿಕ್ಕಿತು. ಖರ್ಚು ಕಳೆದು 1 ಲಕ್ಷ ರೂಪಾಯಿಗಿಂತ ಹೆಚ್ಚು ಲಾಭ ಕಂಡವರು ನೂರಕ್ಕೆ ಒಬ್ಬರು ಮಾತ್ರ.

ಹಾಗಾದರೆ ಆ ಹಣ ಯಾರ ಕೈ ಸೇರಿತು? 2023-24ನೇ ಒಂದೇ ವರ್ಷದಲ್ಲಿ, ಖರ್ಚುಗಳನ್ನು ಕಳೆಯುವ ಮೊದಲು, ಸ್ವಂತ ಬಂಡವಾಳದಿಂದ ವ್ಯಾಪಾರ ಮಾಡುವ ದೊಡ್ಡ ಸಂಸ್ಥೆಗಳು ಸುಮಾರು 33,000 ಕೋಟಿ, ವಿದೇಶೀ ಹೂಡಿಕೆ ಸಂಸ್ಥೆಗಳು ಸುಮಾರು 28,000 ಕೋಟಿ ಲಾಭ ಮಾಡಿದುವು; ವ್ಯಕ್ತಿಗಳೂ ಇತರರೂ ಸೇರಿ 61,000 ಕೋಟಿಗೂ ಹೆಚ್ಚು ಕಳೆದುಕೊಂಡರು. ಎರಡು ಕಡೆಯ ಲೆಕ್ಕ ತಕ್ಕಡಿಯಂತೆ ಸರಿಹೊಂದುವುದನ್ನು ಗಮನಿಸಿ. ಈ ಪೇಟೆಯಲ್ಲಿ ಹೊಸದಾಗಿ ಏನೂ ಬೆಳೆಯುವುದಿಲ್ಲ, ಒಬ್ಬನ ಜೇಬಿನದು ಇನ್ನೊಬ್ಬನ ಜೇಬಿಗೆ ಹೋಗುತ್ತದೆ, ಮಧ್ಯೆ ದಲ್ಲಾಳಿ, ಪೇಟೆ, ಸರ್ಕಾರ ಮೂವರೂ ತಮ್ಮ ಪಾಲು ಮುರಿದುಕೊಳ್ಳುತ್ತಾರೆ. ದೊಡ್ಡ ಸಂಸ್ಥೆಗಳ ಲಾಭದಲ್ಲಿ ಶೇಕಡಾ 96-97 ಭಾಗ ಬಂದದ್ದು ಗಣಕಯಂತ್ರಗಳು ತಾವಾಗಿಯೇ ನಡೆಸುವ ವ್ಯಾಪಾರದಿಂದ. ನಮ್ಮ ಹುಡುಗ ಬೆರಳು ಆಡಿಸುವಷ್ಟರಲ್ಲಿ ಆ ಯಂತ್ರ ಸಾವಿರ ಸಲ ಕೊಂಡು ಮಾರಿರುತ್ತದೆ.

ನಮ್ಮಂಥವರಿಗೆ ನೇರವಾಗಿ ತಾಗುವ ಅಂಕಿಗಳು ಇನ್ನೂ ಎರಡಿವೆ. ಈ ವ್ಯಾಪಾರಿಗಳಲ್ಲಿ ಶೇಕಡಾ 72ಕ್ಕೂ ಹೆಚ್ಚು ಮಂದಿ ದೇಶದ ಮೊದಲ 30 ದೊಡ್ಡ ನಗರಗಳ ಹೊರಗಿನವರು. ಶೇಕಡಾ 75ಕ್ಕೂ ಹೆಚ್ಚು ಮಂದಿ ತಮ್ಮ ವಾರ್ಷಿಕ ವರಮಾನ 5 ಲಕ್ಷ ರೂಪಾಯಿಗಿಂತ ಕಡಿಮೆಯೆಂದು ಬರೆದುಕೊಟ್ಟವರು. ಮೂವತ್ತು ವರ್ಷದೊಳಗಿನವರ ಪ್ರಮಾಣ ಒಂದೇ ವರ್ಷದಲ್ಲಿ ಶೇಕಡಾ 31ರಿಂದ 43ಕ್ಕೆ ಏರಿತು. ಸತತವಾಗಿ ನಷ್ಟ ಕಂಡವರಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ಮಂದಿ ಆಟ ಬಿಡಲಿಲ್ಲ.

ಸೆಬಿ 2024ರ ಜುಲೈ 30ರಂದೇ ಏಳು ಸೂಚನೆಗಳ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತ್ತು. ಅಕ್ಟೋಬರ್ 1ರಂದು ಅವುಗಳಲ್ಲಿ ಆರನ್ನು ಆಜ್ಞೆಯಾಗಿ ಹೊರಡಿಸಿತು. ಮುಖ್ಯವಾದುವು ಎರಡು. ಕರಾರಿನ ಕನಿಷ್ಠ ಬೆಲೆ 15 ಲಕ್ಷ ರೂಪಾಯಿಗೆ ಏರಿತು. ವಾರದ ವಾಯಿದೆಯನ್ನು ಪ್ರತಿಯೊಂದು ಷೇರುಪೇಟೆಯೂ ಒಂದೇ ಸೂಚ್ಯಂಕದಲ್ಲಿ ಮಾತ್ರ ನಡೆಸಬೇಕೆಂದಾಯಿತು. ಎರಡೂ 2024ರ ನವೆಂಬರ್ 20ರಿಂದ ಜಾರಿಗೆ ಬಂದುವು. ನಿಫ್ಟಿಯ ಒಂದು ಕಟ್ಟು ಆಗ 25 ಇದ್ದುದು 75 ಆಯಿತು. 100 ರೂಪಾಯಿ ಸಂಚಕಾರದ ಒಂದು ಚೀಟಿಗೆ 2,500 ರೂಪಾಯಿ ಸಾಕಾಗುತ್ತಿದ್ದಲ್ಲಿ ಆಗ 7,500 ಬೇಕಾಯಿತು. ಸಂಚಕಾರವನ್ನು ಪೂರ್ತಿಯಾಗಿ ಮುಂಚಿತವಾಗಿಯೇ ಕಟ್ಟಬೇಕೆಂಬ ನಿಯಮ 2025ರ ಫೆಬ್ರುವರಿಯಿಂದ ಬಂತು.

ವಿರೋಧ ಕರಡು ಹೊರಬಿದ್ದ ದಿನದಿಂದಲೇ ಆರಂಭವಾಗಿತ್ತು. ಪೇಟೆಯವರ, ದಲ್ಲಾಳಿಗಳ ವಿರೋಧವನ್ನು ಒಂದು ಬದಿಗಿಡೋಣ. ಅವರ ವರಮಾನಕ್ಕೆ ಕತ್ತರಿ ಬೀಳುತ್ತಿತ್ತು, ಅವರು ಕೂಗದಿದ್ದರೆ ಆಶ್ಚರ್ಯ. ಬೆಂಗಳೂರಿನ ಜೆರೋಧಾ ಸಂಸ್ಥೆಯ ಮುಖ್ಯಸ್ಥರು ತಮ್ಮ ವರಮಾನ ಗಣನೀಯವಾಗಿ ಇಳಿಯಬಹುದೆಂದು ಬಹಿರಂಗವಾಗಿಯೇ ಹೇಳಿದರು. ಹೇಳಿಕೆಯಲ್ಲಿ ಮುಚ್ಚುಮರೆ ಇರಲಿಲ್ಲವೆಂಬುದು ಮೆಚ್ಚತಕ್ಕದ್ದೇ. ನಾವು ಕೇಳಬೇಕಾದದ್ದು ಸಾಮಾನ್ಯ ವ್ಯಾಪಾರಿಯ ಮಾತು. ಅವನ ವಾದದ ಸಾರ ಹೀಗೆ: ನನ್ನ ಹಣ, ನನ್ನ ತಲೆ, ನನ್ನ ನಷ್ಟ, ಇದರಲ್ಲಿ ಸರ್ಕಾರಕ್ಕೇನು? ಕರಾರಿನ ಗಾತ್ರ ಮೂರು ಪಟ್ಟು ಮಾಡಿದರೆ ಹಣವಂತ ಆಡುತ್ತಲೇ ಇರುತ್ತಾನೆ, ಬಡವ ಹೊರಗುಳಿಯುತ್ತಾನೆ. ಇದು ರಕ್ಷಣೆಯೋ ಪಂಕ್ತಿಭೇದವೋ? ಇನ್ನು ಹಟಕ್ಕೆ ಬಿದ್ದವನು ಹೊರಗುಳಿಯುವುದೂ ಇಲ್ಲ. 2,500ರ ಜಾಗದಲ್ಲಿ 7,500 ಸಾಲ ತಂದು ಹಾಕುತ್ತಾನೆ, ಇಲ್ಲವೇ ಲೆಕ್ಕಪತ್ರವಿಲ್ಲದ ‘ಡಬ್ಬಾ’ ವ್ಯಾಪಾರಕ್ಕೆ ಹೋಗುತ್ತಾನೆ.

ಕೊನೆಯ ಮಾತು ಪೊಳ್ಳಲ್ಲವೆಂಬುದಕ್ಕೆ ಸೆಬಿಯ ಲೆಕ್ಕದಲ್ಲೇ ಆಧಾರವಿದೆ. 2025ರ ಜುಲೈನಲ್ಲಿ ಅದು ಮತ್ತೊಂದು ಅಧ್ಯಯನ ಪ್ರಕಟಿಸಿತು. 2024-25ರಲ್ಲಿ ವ್ಯಕ್ತಿಗಳ ನಿವ್ವಳ ನಷ್ಟ 1,05,603 ಕೋಟಿ ರೂಪಾಯಿ. ಹಿಂದಿನ ವರ್ಷ ಅದು 74,812 ಕೋಟಿ. ನಷ್ಟ ಕಂಡವರು ಶೇಕಡಾ 91. ನಿಯಮ ಜಾರಿಗೆ ಬಂದದ್ದು ಆ ವರ್ಷದ ನಡುವಿನಲ್ಲಾದ್ದರಿಂದ ಪೂರ್ತಿ ಹೊಣೆ ನಿಯಮದ ಮೇಲೆ ಹೊರಿಸಲಾಗದು. ಆದರೂ ವ್ಯಾಪಾರ ಮಾಡುವವರ ಸಂಖ್ಯೆ ಇಳಿಯಿತು, ಉಳಿದವರ ತಲಾ ನಷ್ಟ ಏರಿತು. ಬೇಲಿ ಹಾಕಿದ ಮೇಲೆ ದನಗಳ ಸಂಖ್ಯೆ ಕಡಿಮೆಯಾಗಿ, ಒಳಗುಳಿದವು ಹೆಚ್ಚು ಮೇಯ್ದಂತೆ. ಇಲ್ಲಿ ಮೇಯ್ದದ್ದು ದನವಲ್ಲ, ಹುಲ್ಲು ಎನ್ನಬೇಕೋ ಏನೋ.

ಇನ್ನು ಹೊರನಾಡುಗಳ ಕಡೆ ನೋಡೋಣ. ಯುರೋಪಿನಲ್ಲಿ ‘ಸಿ.ಎಫ್.ಡಿ.’ ಎಂಬ ವ್ಯವಹಾರ ಬೆಳೆದಿತ್ತು. ಕೈಯಲ್ಲಿ 1 ಯುರೋ ಇಟ್ಟುಕೊಂಡು 200, 500 ಯುರೋ ಬೆಲೆಯ ವಿದೇಶೀ ಹಣವನ್ನೋ ಚಿನ್ನವನ್ನೋ ಕೊಂಡಂತೆ ಲೆಕ್ಕ ಬರೆಸುವುದು. ಧಾರಣೆ ಕೂದಲೆಳೆಯಷ್ಟು ತಿರುಗಿದರೂ ಇಟ್ಟ ಹಣ ಮಾಯ. ಅಲ್ಲಿಯ ನಿಯಂತ್ರಣ ಸಂಸ್ಥೆ ಎಸ್ಮಾ ಲೆಕ್ಕ ಹಾಕಿದಾಗ ಸಣ್ಣ ಗಿರಾಕಿಗಳ ಖಾತೆಗಳಲ್ಲಿ ಶೇಕಡಾ 74ರಿಂದ 89ರಷ್ಟು ನಷ್ಟದಲ್ಲಿದ್ದುವು. 2018ರ ಆರಂಭದಲ್ಲಿ ಅದು ಸಾರ್ವಜನಿಕರ ಅಭಿಪ್ರಾಯ ಕೇಳಿತು. ಸುಮಾರು 18,500 ಉತ್ತರಗಳು ಬಂದುವು. ಬಹುಪಾಲು ಅದೇ ಸಣ್ಣ ಗಿರಾಕಿಗಳಿಂದ, ಬಹುಪಾಲು ವಿರೋಧವಾಗಿ. ಎಸ್ಮಾ ಆದರೂ ಮುಂದುವರಿಯಿತು. 2018ರ ಆಗಸ್ಟ್‌ನಿಂದ ಮುಖ್ಯ ವಿದೇಶೀ ಹಣಗಳಿಗೆ 1ಕ್ಕೆ 30, ಕ್ರಿಪ್ಟೋ ನಾಣ್ಯಗಳಿಗೆ 1ಕ್ಕೆ 2 ಎಂದು ಮಿತಿ ಹಾಕಿತು. ಖಾತೆಯಲ್ಲಿರುವ ಹಣಕ್ಕಿಂತ ಹೆಚ್ಚು ಗಿರಾಕಿ ಕಳೆದುಕೊಳ್ಳಬಾರದೆಂದು ವಿಧಿಸಿತು. ನಮ್ಮ ಮಟ್ಟಿಗೆ ಅತ್ಯಂತ ಉಪಯುಕ್ತವೆನಿಸಿದ ನಿಯಮ ಇನ್ನೊಂದಿದೆ: ಪ್ರತಿಯೊಬ್ಬ ದಲ್ಲಾಳಿಯೂ ತನ್ನ ಗಿರಾಕಿಗಳಲ್ಲಿ ನೂರಕ್ಕೆ ಎಷ್ಟು ಮಂದಿ ನಷ್ಟದಲ್ಲಿದ್ದಾರೆಂದು ತನ್ನ ಜಾಹೀರಾತಿನಲ್ಲೇ ಅಚ್ಚು ಹಾಕಬೇಕು. ಕೀಟನಾಶಕದ ಡಬ್ಬಿಯ ಮೇಲಿನ ಬಣ್ಣದ ತ್ರಿಕೋನದಂತೆ.

ಫಲ ಏನಾಯಿತು? ಕೆಲವರು ಯುರೋಪಿನ ಹೊರಗಿನ ದಲ್ಲಾಳಿಗಳ ಬಳಿ, ವಿಶೇಷವಾಗಿ ಆಸ್ಟ್ರೇಲಿಯದ ಪರವಾನಗಿಯವರ ಬಳಿ ಖಾತೆ ತೆರೆದರು. 2021ರಲ್ಲಿ ಆಸ್ಟ್ರೇಲಿಯವೂ ಅದೇ ಬೇಲಿ ಹಾಕಿತು. ನೀರು ತಗ್ಗಿದ್ದ ಕಡೆ ಹರಿಯುತ್ತದೆ, ನಿಜ. ಆದರೆ ಎಲ್ಲರೂ ಹರಿದುಹೋಗಲಿಲ್ಲವೆಂಬುದನ್ನೂ ಮರೆಯಬಾರದು.

ಬ್ರಿಟನ್ನಿನಲ್ಲಿ 2020ರಲ್ಲಿ ಕ್ರಿಪ್ಟೋ ನಾಣ್ಯಗಳ ವಾಯಿದೆ ವ್ಯಾಪಾರವನ್ನು ಸಾಮಾನ್ಯ ಜನರಿಗೆ ಮಾರಕೂಡದೆಂದು ಆಜ್ಞೆಯಾಯಿತು. ಅಭಿಪ್ರಾಯ ತಿಳಿಸಿದವರಲ್ಲಿ ಬಹುತೇಕ ಎಲ್ಲರೂ ಬೇಡವೆಂದಿದ್ದರು. ನಿಷೇಧ 2021ರ ಜನವರಿಯಿಂದ ಜಾರಿಗೆ ಬಂದೇ ಬಂತು.

ಅಮೆರಿಕದ ಕಥೆ ಇದಕ್ಕೆ ತಿರುವುಮುರುವು. ಅಲ್ಲಿ ಸಾರ್ವಜನಿಕರ ವಿರೋಧ ಎರಡು ಸಲ ಗೆದ್ದಿತು. ಸೂಚ್ಯಂಕದ ಪ್ರತಿದಿನದ ಏರಿಳಿತದ ಎರಡು ಪಟ್ಟು, ಮೂರು ಪಟ್ಟು ಕೊಡುವ ನಿಧಿಗಳು ಆ ದೇಶದಲ್ಲಿವೆ. ಇವುಗಳ ಗುಟ್ಟು ಬಹಳ ಮಂದಿಗೆ ತಿಳಿಯದು. 100 ರೂಪಾಯಿಯ ಸೂಚ್ಯಂಕ ಇವತ್ತು 90ಕ್ಕೆ ಇಳಿದು ನಾಳೆ ಮತ್ತೆ 100ಕ್ಕೆ ಬಂತೆನ್ನಿ. ಸಾದಾ ನಿಧಿಯವನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಎರಡು ಪಟ್ಟಿನ ನಿಧಿಯವನದು ಇವತ್ತು 80 ಆಗುತ್ತದೆ. ನಾಳೆ ಸೂಚ್ಯಂಕ ಶೇಕಡಾ 11ರಷ್ಟು ಏರಿದಾಗ ಇವನದು ಶೇಕಡಾ 22ರಷ್ಟು ಏರಿ 97 ರೂಪಾಯಿ 78 ಪೈಸೆಗೆ ನಿಲ್ಲುತ್ತದೆ. ಹೀಗೆ ಹತ್ತು ಸಲ ಮೇಲೆ ಕೆಳಗೆ ಆದರೆ ಸೂಚ್ಯಂಕ ಇದ್ದಲ್ಲೇ ಇದ್ದು ಇವನ ಹಣ ಸವೆದುಹೋಗಿರುತ್ತದೆ.

ಇಂಥ ನಿಧಿಗಳನ್ನು ಕೊಳ್ಳುವ ಮೊದಲು ಗಿರಾಕಿಗೆ ತಿಳಿವಳಿಕೆ ಇದೆಯೇ ಎಂದು ದಲ್ಲಾಳಿ ಪರೀಕ್ಷಿಸಬೇಕೆಂದು ಅಲ್ಲಿಯ ಷೇರು ಆಯೋಗ 2019ರ ನವೆಂಬರ್‌ನಲ್ಲಿ ಸೂಚಿಸಿತು. ಸಾವಿರಾರು ವ್ಯಕ್ತಿಗಳು ವಿರೋಧಿಸಿ ಬರೆದರು. 2020ರ ಅಕ್ಟೋಬರ್‌ನಲ್ಲಿ ಅಂತಿಮ ನಿಯಮ ಬಂದಾಗ ಆ ಭಾಗವನ್ನು ಕೈಬಿಡಲಾಗಿತ್ತು. 2022ರ ಮಾರ್ಚ್‌ನಲ್ಲಿ ದಲ್ಲಾಳಿಗಳ ಸ್ವಯಂ ನಿಯಂತ್ರಣ ಸಂಸ್ಥೆಯಾದ ಫಿನ್ರಾ ಅದೇ ಪ್ರಶ್ನೆಯನ್ನು ಮತ್ತೆ ಎತ್ತಿತು. ಮತ್ತೆ ಸಾವಿರಾರು ಪತ್ರಗಳು. ಅವುಗಳಲ್ಲಿ ಬಹಳಷ್ಟು ಒಂದೇ ಒಕ್ಕಣೆಯವು. ಸಾರ್ವಜನಿಕ ಪೇಟೆಯ ಹೂಡಿಕೆ ಸಾರ್ವಜನಿಕರೆಲ್ಲರಿಗೂ ತೆರೆದಿರಬೇಕು, ಸವಲತ್ತು ಉಳ್ಳವರಿಗೆ ಮಾತ್ರವಲ್ಲ ಎಂಬುದು ಆ ಒಕ್ಕಣೆಯ ತಾತ್ಪರ್ಯ. ಮಾದರಿ ಪತ್ರವನ್ನು ಯಾರೋ ಸಿದ್ಧಪಡಿಸಿ ಹಂಚಿದ್ದರೆಂಬುದು ಸ್ಪಷ್ಟ. ನಮ್ಮಲ್ಲಿಯೂ ಮನವಿಪತ್ರಗಳು ಹಾಗೆಯೇ ತಯಾರಾಗುತ್ತವೆ. ಅಷ್ಟರಿಂದಲೇ ಸಹಿ ಹಾಕಿದವನ ಕಳಕಳಿ ಸುಳ್ಳಾಗುವುದಿಲ್ಲ. ಫಿನ್ರಾದ ಪ್ರಸ್ತಾಪ ಕಡ್ಡಾಯ ನಿಯಮದ ರೂಪ ತಳೆಯಲಿಲ್ಲ.

ಅಮೆರಿಕದವರ ಸಿಟ್ಟಿಗೆ ಹಳೆಯ ಕಾರಣವೊಂದಿದೆ. ಖಾಸಗಿ ಕಂಪನಿಗಳ ಷೇರುಗಳಂಥ ಕೆಲವು ಹೂಡಿಕೆಗಳಿಗೆ ಅಲ್ಲಿ ‘ಅರ್ಹ ಹೂಡಿಕೆದಾರ’ನಾಗಿರಬೇಕು. 1982ರಿಂದ ಇರುವ ಅಳತೆಗೋಲು: ಆಸ್ತಿ 10 ಲಕ್ಷ ಡಾಲರ್ ಅಥವಾ ವರ್ಷದ ವರಮಾನ 2 ಲಕ್ಷ ಡಾಲರ್. ವಾಸದ ಮನೆಯನ್ನು ಆಸ್ತಿಯಲ್ಲಿ ಸೇರಿಸಕೂಡದೆಂದು 2010ರಲ್ಲಿ ತಿದ್ದುಪಡಿಯಾಯಿತು. ಲಾಟರಿಯಲ್ಲಿ ಗೆದ್ದವನು ಅರ್ಹ, ಅರ್ಥಶಾಸ್ತ್ರ ಕಲಿಸುವ ಮೇಷ್ಟ್ರು ಅನರ್ಹ! ಹಣ ಇದ್ದಲ್ಲಿ ಬುದ್ಧಿ ಇರುತ್ತದೆಂಬ ಈ ತತ್ತ್ವವನ್ನು ನಮ್ಮ ಊರುಗಳಲ್ಲಿ ಯಾರಾದರೂ ಒಪ್ಪುತ್ತಾರೆಯೇ? 2020ರ ಆಗಸ್ಟ್‌ನಲ್ಲಿ ಷೇರು ವ್ಯವಹಾರದ ಕೆಲವು ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆದವರನ್ನೂ ಅರ್ಹರ ಪಟ್ಟಿಗೆ ಸೇರಿಸಿದರು. ತಡವಾಗಿಯಾದರೂ ಸರಿಯಾದ ಹೆಜ್ಜೆ.

ಹೀಗೆಂದು ಅಪಾಯ ಕಲ್ಪಿತವಲ್ಲ. 2018ರ ಫೆಬ್ರುವರಿ 5ರಂದು ಅಮೆರಿಕದ ಪೇಟೆ ಕುಸಿದ ದಿನ, ಪೇಟೆ ಶಾಂತವಾಗಿದ್ದರೆ ಲಾಭ ಕೊಡುವ ‘ಎಕ್ಸ್‌ಐವಿ’ ಎಂಬ ಪತ್ರ ತನ್ನ ಬೆಲೆಯ ಶೇಕಡಾ 90ಕ್ಕೂ ಹೆಚ್ಚು ಭಾಗವನ್ನು ಒಂದೇ ಸಂಜೆಯಲ್ಲಿ ಕಳೆದುಕೊಂಡಿತು. ಅದೇ ತಿಂಗಳು ಅದನ್ನು ಮುಚ್ಚಲಾಯಿತು. ವರ್ಷಗಟ್ಟಲೆ ಬಡ್ಡಿಯಂತೆ ಲಾಭ ಕೊಟ್ಟ ಪತ್ರ ಅದು. ಕೊಂಡವರಲ್ಲಿ ಓದುಬರಹ ಬಲ್ಲವರಿಗೇನೂ ಕೊರತೆಯಿರಲಿಲ್ಲ.

ಈ ಲೇಖಕನ ಅಭಿಪ್ರಾಯದಲ್ಲಿ, ಬೇಲಿ ಬೇಡವೆನ್ನುವವರ ಎರಡು ಮಾತು ಗಟ್ಟಿಯಾಗಿವೆ, ಒಂದು ಮಾತು ಜೊಳ್ಳು. ಹಣದ ಅಳತೆ ಬುದ್ಧಿಯ ಅಳತೆಯಲ್ಲವೆಂಬುದು ಗಟ್ಟಿ. ಬೇಲಿ ಸಣ್ಣವನಿಗಷ್ಟೇ, ದೊಡ್ಡವನ ದಾರಿ ಸಲೀಸು ಎಂಬುದೂ ಗಟ್ಟಿ. 2025ರ ಜುಲೈ 3ರಂದು ಸೆಬಿ ಜೇನ್ ಸ್ಟ್ರೀಟ್ ಎಂಬ ಅಮೆರಿಕದ ವ್ಯಾಪಾರ ಸಂಸ್ಥೆಯ ಮೇಲೆ ಮಧ್ಯಂತರ ಆಜ್ಞೆ ಹೊರಡಿಸಿ, ವಾಯಿದೆಯ ದಿನಗಳಲ್ಲಿ ಬ್ಯಾಂಕ್ ನಿಫ್ಟಿಯನ್ನು ಏರಿಸಿ ಇಳಿಸಿದ ಆರೋಪದ ಮೇಲೆ 4,843 ಕೋಟಿ ರೂಪಾಯಿಗೂ ಹೆಚ್ಚು ಮೊತ್ತವನ್ನು ತಡೆಹಿಡಿಯಿತು. ಸಂಸ್ಥೆ ಆರೋಪವನ್ನು ಅಲ್ಲಗಳೆದು ಮೇಲ್ಮನವಿ ಸಲ್ಲಿಸಿತು. ಆದ್ದರಿಂದ ಆರೋಪವನ್ನು ತೀರ್ಪೆಂದು ತಿಳಿಯಬಾರದು. ಆದರೂ ಸಣ್ಣ ವ್ಯಾಪಾರಿಗಳು ಕೇಳಿದ ಪ್ರಶ್ನೆ ಸಹಜವಾದದ್ದೇ: ತೋಟಕ್ಕೆ ಆನೆ ನುಗ್ಗುತ್ತಿರುವಾಗ ಮೊಲಕ್ಕೆ ಬೇಲಿ ಹಾಕಿದರೆ ಏನು ಬಂತು?

ಜೊಳ್ಳು ಮಾತೆಂದರೆ, ‘ನನ್ನ ಹಣ, ನನ್ನ ನಷ್ಟ’ ಎಂಬುದು. ಕೂಡುಕುಟುಂಬದ ತೋಟದ ಹುಟ್ಟುವಳಿಯನ್ನು ಮನೆಯ ಒಬ್ಬನು ಫೋನಿನಲ್ಲಿ ಕಳೆದರೆ ಅದು ಅವನೊಬ್ಬನ ನಷ್ಟವಲ್ಲ. ಗೊಬ್ಬರದ ಬಾಕಿ ಸಂಘದ ಪುಸ್ತಕದಲ್ಲಿ ಉಳಿಯುತ್ತದೆ, ಕೂಲಿಯವರ ಬಟವಾಡೆ ನಿಲ್ಲುತ್ತದೆ, ಜಾಮೀನು ಹಾಕಿದ ನೆರೆಯವನಿಗೆ ನೋಟೀಸು ಬರುತ್ತದೆ. ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಷೇಧಿಸಿದ್ದು ಇದೇ ಕಾರಣಕ್ಕೆ. ಪಕ್ಕದ ಕೇರಳದಲ್ಲಿ ಸರ್ಕಾರವೇ ಲಾಟರಿ ನಡೆಸುತ್ತದೆಂಬುದು ಬೇರೆ ಮಾತು.

ಇಷ್ಟು ಹೇಳಿ ನಮ್ಮದೇ ಮನೆಯ ವಿಷಯಕ್ಕೆ ಬರೋಣ. ವಾಯಿದೆ ವ್ಯಾಪಾರವೆಲ್ಲ ಜೂಜೆಂದು ಬೆಳೆಗಾರರು ಭಾವಿಸಿದರೆ ಅದು ತಪ್ಪಾಗುತ್ತದೆ. ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ 1992ರಿಂದ ಸಡಿಲಗೊಳ್ಳುತ್ತ 1996ರಲ್ಲಿ ಪೂರ್ತಿ ತೆರವಾದ ಮೇಲೆ ಧಾರಣೆಯ ಗಂಡಾಂತರ ನೇರವಾಗಿ ಬೆಳೆಗಾರನ ತಲೆಯ ಮೇಲೆ ಬಿತ್ತು. ಆ ಗಂಡಾಂತರವನ್ನು ಇನ್ನೊಬ್ಬನಿಗೆ ದಾಟಿಸುವುದೇ ವಾಯಿದೆ ಪೇಟೆಯ ಮೂಲ ಉದ್ದೇಶ. ಬೆಂಗಳೂರಿನಲ್ಲಿ ಕಾಫಿಗೆಂದೇ ವಾಯಿದೆ ಪೇಟೆಯೊಂದು 1998ರ ಸುಮಾರಿಗೆ ಆರಂಭವಾಯಿತಾದರೂ ಬೇರೂರಲಿಲ್ಲ. ಕೊಚ್ಚಿಯಲ್ಲಿ ಕಾಳುಮೆಣಸಿನ ವಾಯಿದೆ ವ್ಯಾಪಾರ 1957ರಿಂದ ನಡೆದುಬಂದದ್ದು; ಮುಂದೆ ಅದು ದೇಶವ್ಯಾಪಿ ಪೇಟೆಗೆ ಹೋಯಿತು. 2012ರ ಕೊನೆಯಲ್ಲಿ ಆ ಪೇಟೆಯ ಉಗ್ರಾಣಗಳಲ್ಲಿದ್ದ ಸಾವಿರಾರು ಟನ್ ಮೆಣಸಿನಲ್ಲಿ ಖನಿಜ ಎಣ್ಣೆ ಬೆರೆತಿದೆಯೆಂದು ಕೇರಳದ ಆಹಾರ ಸುರಕ್ಷತಾ ಅಧಿಕಾರಿಗಳು ಮೊಹರು ಹಾಕಿದ್ದನ್ನು ಮೆಣಸು ಬೆಳೆಯುವ ಸದಸ್ಯರು ಮರೆತಿರಲಾರರು.

2021ರ ಡಿಸೆಂಬರ್‌ನಲ್ಲಿ ಸೆಬಿ ಗೋಧಿ, ಭತ್ತ, ಕಡಲೆ, ಹೆಸರು, ಸಾಸಿವೆ, ಸೋಯಾ, ತಾಳೆ ಎಣ್ಣೆ ಈ ಏಳು ಸರಕುಗಳ ವಾಯಿದೆ ವ್ಯಾಪಾರವನ್ನು ತಡೆಹಿಡಿಯಿತು. ಒಂದು ವರ್ಷಕ್ಕೆಂದು ಬಂದ ತಡೆಯನ್ನು ಮತ್ತೆ ಮತ್ತೆ ಮುಂದುವರಿಸುತ್ತ ಬರಲಾಯಿತು. ಇಲ್ಲಿ ವಿರೋಧಿಸಿದವರು ಸಟ್ಟಾ ಆಡುವವರಲ್ಲ. ಮಹಾರಾಷ್ಟ್ರದ ಶೇತ್ಕರಿ ಸಂಘಟನೆಯ ರೈತರು. ಸೋಯಾ ಬಿತ್ತುವಾಗಲೇ ಕೊಯ್ಲಿನ ತಿಂಗಳ ಧಾರಣೆ ತಿಳಿಯುವ ಕಿಟಕಿಯೊಂದನ್ನು ಸರ್ಕಾರ ಮುಚ್ಚಿತೆಂಬುದು ಅವರ ದೂರು. ಪೇಟೆಯಲ್ಲಿ ಸರಕಿನ ಬೆಲೆ ಏರಿದಾಗ ತಡೆ, ಇಳಿದಾಗ ಮೌನ ಎಂಬ ಅವರ ಆಕ್ಷೇಪಣೆಗೆ ತೃಪ್ತಿಕರ ಉತ್ತರ ಈ ಲೇಖಕನಿಗಂತೂ ಕಂಡಿಲ್ಲ.

ನಮ್ಮ ಕಾಫಿಯ ಧಾರಣೆ ನಿರ್ಧಾರವಾಗುವುದು ಲಂಡನ್ ಮತ್ತು ನ್ಯೂಯಾರ್ಕ್ ಪೇಟೆಗಳಲ್ಲಿ. 2022ರ ಕೊನೆಗೆ ಲಂಡನ್ನಿನಲ್ಲಿ ರೋಬಸ್ಟಾ ಟನ್ನಿಗೆ 2,000 ಡಾಲರ್ ಒಳಗಿತ್ತು. 2024ರ ಸೆಪ್ಟೆಂಬರ್‌ನಲ್ಲಿ 5,000 ದಾಟಿತ್ತು. ಏರಿದ್ದು ಇಳಿಯಬಹುದು ಎಂದು ಹೆದರಿ, ಒಳ್ಳೆಯ ದರವನ್ನು ಮುಂಚಿತವಾಗಿ ಕಟ್ಟಿಕೊಳ್ಳಲು ಬಯಸುವ ಬೆಳೆಗಾರನಿಗೆ ದಾರಿ ಏನಿದೆ? ಲಂಡನ್ನಿನ ಒಂದು ಕರಾರು 10 ಟನ್ನಿನದು, ಅಂದರೆ 50 ಕಿಲೋದ 200 ಚೀಲ ಕಾಫಿ ಬೀಜ. ನಮ್ಮ ಸದಸ್ಯರಲ್ಲಿ ಹೆಚ್ಚಿನವರ ಇಡೀ ವರ್ಷದ ಫಸಲು ಅಷ್ಟಾಗುವುದಿಲ್ಲ. ಆಗುವುದಾದರೂ, ವಿದೇಶದ ಪೇಟೆಗಳಿಗೆ ಮಾರ್ಜಿನ್ ಹಣ ಕಳುಹಿಸುವುದಕ್ಕೆ ವ್ಯಕ್ತಿಗಳಿಗೆ ರಿಸರ್ವ್ ಬ್ಯಾಂಕಿನ ಹಣ ರವಾನೆ ಯೋಜನೆಯಲ್ಲಿ ಅವಕಾಶವಿಲ್ಲ. ಲವಲವಿಕೆಯಿಂದ ನಡೆಯುವ ಕಾಫಿ ವಾಯಿದೆ ಪೇಟೆ ದೇಶದೊಳಗೂ ಇಲ್ಲ, ಅಡಿಕೆಗೂ ಇಲ್ಲ. 1 ಎಕರೆ ತೋಟವಿಲ್ಲದವನೂ ಮಧ್ಯಾಹ್ನದ ಊಟಕ್ಕೆ ಮೊದಲು ನಿಫ್ಟಿಯ ಮೇಲೆ ಪಣ ಕಟ್ಟಬಹುದು. 5 ಎಕರೆ ರೋಬಸ್ಟಾ ಇರುವವನು ತನ್ನ ಸ್ವಂತ ಫಸಲಿನ ದರ ಕಾಯ್ದುಕೊಳ್ಳಲಾರ. ಬೇಲಿ ಬೇಕೋ ಬೇಡವೋ ಎಂಬ ಗಲಾಟೆಯಲ್ಲಿ ಈ ಮಾತು ಎಲ್ಲಿಯೂ ಕೇಳಿಬರಲಿಲ್ಲ. ಬೆಳೆಗಾರರ ಸಂಘಟನೆಗಳು ಎತ್ತಬೇಕಾದ ಬೇಡಿಕೆ ಇದು: 1 ಟನ್ನಿನಷ್ಟು ಸಣ್ಣ ಕರಾರು, ಮಾಲು ಒಪ್ಪಿಸುವ ವ್ಯವಸ್ಥೆ, ಸಹಕಾರ ಸಂಘವೇ ಸದಸ್ಯರ ಪರವಾಗಿ ಒಟ್ಟುಗೂಡಿಸಿ ವ್ಯವಹರಿಸುವ ಅವಕಾಶ. 1970-71ರ ಧಾರಣೆ ಕುಸಿತದ ಬಳಿಕ 1973ರಲ್ಲಿ ಅಡಿಕೆ ಬೆಳೆಗಾರರು ಕ್ಯಾಂಪ್ಕೊ ಕಟ್ಟಿದ್ದು ಒಬ್ಬೊಬ್ಬನೇ ಮಾಡಲಾಗದ ಕೆಲಸವನ್ನು ಒಟ್ಟಾಗಿ ಮಾಡುವುದಕ್ಕಾಗಿಯೇ ಅಲ್ಲವೇ?

ಸೆಬಿಯ ಕರಡುಗಳು ಅದರ ಜಾಲತಾಣದಲ್ಲಿ ಪ್ರಕಟವಾದಾಗ ಸಾಮಾನ್ಯವಾಗಿ ಮೂರು ವಾರ ಕಾಲಾವಕಾಶವಿರುತ್ತದೆ. ಯಾವ ನಾಗರಿಕನೂ ಬರೆಯಬಹುದು, ವಕೀಲರ ಅಗತ್ಯವಿಲ್ಲ. ಕರಡು ಇಂಗ್ಲಿಷಿನಲ್ಲಿರುವುದೊಂದೇ ತೊಡಕು.

ಕಡೆಯದಾಗಿ, ಈಗಾಗಲೇ ಈ ವ್ಯಾಪಾರ ಮಾಡಿರುವ ಸದಸ್ಯರ ಗಮನಕ್ಕೆ ಒಂದು ವಿಷಯ. ವಾಯಿದೆ ಮತ್ತು ಆಪ್ಷನ್‌ನ ಲಾಭನಷ್ಟವನ್ನು ಆದಾಯ ತೆರಿಗೆಯವರು ವ್ಯಾಪಾರದ ಲಾಭನಷ್ಟವೆಂದು ಪರಿಗಣಿಸುತ್ತಾರೆ. ‘ನಮ್ಮದು ಕೃಷಿ ವರಮಾನ, ರಿಟರ್ನ್ ಬೇಡ’ ಎಂದು ಸುಮ್ಮನಿರಲಾಗದು. ದಲ್ಲಾಳಿಯ ಮೂಲಕ ನಡೆದ ವ್ಯವಹಾರದ ವಿವರ ಇಲಾಖೆಗೆ ತಲುಪಿರುತ್ತದೆ. ನಷ್ಟವಾಗಿದ್ದರೂ ಗಡುವಿನೊಳಗೆ ರಿಟರ್ನ್ ಸಲ್ಲಿಸಿದರೆ ಆ ನಷ್ಟವನ್ನು ಮುಂದಿನ 8 ವರ್ಷಗಳ ವ್ಯಾಪಾರದ ಲಾಭದಲ್ಲಿ ವಜಾ ಮಾಡಿಕೊಳ್ಳಬಹುದು. ದಲ್ಲಾಳಿ ಸಂಸ್ಥೆಯಿಂದ ವರ್ಷದ ಲೆಕ್ಕದ ಪಟ್ಟಿ ತರಿಸಿಕೊಂಡು, ತೋಟದ ಲೆಕ್ಕದ ಪುಸ್ತಕದಿಂದ ಬೇರೆಯಾಗಿ ಇಟ್ಟು, ಲೆಕ್ಕ ಪರಿಶೋಧಕರಿಗೆ ತೋರಿಸತಕ್ಕದ್ದು.